ಮನೆಯ ಕೋಣೆಗೆ ಧ್ವನಿಹೀರಕ ಫಲಕಗಳು: ಕೊಳ್ಳುವ ಮುನ್ನ ಒಂದು ಲೆಕ್ಕಾಚಾರ

ಹುಬ್ಬಳ್ಳಿ, ಗದಗ, ಬ್ಯಾಡಗಿ ಕಡೆಯ ಹಳೆಯ ದಲಾಲಿ ಅಂಗಡಿಗಳನ್ನು ಕಂಡವರಿಗೆ ಅಲ್ಲಿನ ಬಿಳಿಯ ಗಾದಿ, ಒರಗಿಕೊಳ್ಳುವ ಲೋಡು, ಗೋಡೆಯುದ್ದಕ್ಕೂ ಪೇರಿಸಿಟ್ಟ ಚೀಲಗಳು ನೆನಪಿನಲ್ಲಿರುತ್ತವೆ. ಹೊರಗೆ ಪೇಟೆಯ ಗದ್ದಲವಿದ್ದರೂ ಗಾದಿಯ ಮೇಲೆ ಕುಳಿತ ಇಬ್ಬರು ಮೆಲುದನಿಯಲ್ಲಿ ಆಡಿದ ಮಾತು, ಹೇಳಿದ ದರ ಪರಸ್ಪರ ಸ್ಪಷ್ಟವಾಗಿ ಕೇಳುತ್ತಿತ್ತು. ಅರಳೆ ತುಂಬಿದ ಗಾದಿಯೂ ಸರಕು ತುಂಬಿದ ಚೀಲವೂ ಧ್ವನಿಯನ್ನು ಹೀರಿಕೊಳ್ಳುತ್ತಿದ್ದುದೇ ಇದಕ್ಕೆ ಕಾರಣವೆಂದು ಯಾರೂ ಯೋಚಿಸಿರಲಿಲ್ಲ. ಯೋಚಿಸುವ ಅಗತ್ಯವೂ ಇರಲಿಲ್ಲ.

ಇಂದು ನಮ್ಮ ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ವ್ಯವಹಾರದ ಗಣನೀಯ ಭಾಗ ಮನೆಯ ಕೋಣೆಯಿಂದಲೇ ನಡೆಯುತ್ತಿದೆ. 2020ರ ನಂತರ ತೆರಿಗೆ ಇಲಾಖೆಗಳ ವಿಚಾರಣೆಗಳು ಸಹ ವಿಡಿಯೋ ಮೂಲಕ ನಡೆಯತೊಡಗಿವೆ. ಆದರೆ ಅದೇ ಅವಧಿಯಲ್ಲಿ ನಾವು ಕಟ್ಟಿಸಿದ ಮನೆಗಳ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್, ಗೋಡೆಗೆ ನುಣುಪಾದ ಪುಟ್ಟಿ, ಮೇಲೆ ಪ್ಲಾಸ್ಟರ್ ಛಾವಣಿ, ಒಂದು ಬದಿಗೆ ದೊಡ್ಡ ಗಾಜಿನ ಕಿಟಕಿ ಬಂದಿವೆ. ಇವೆಲ್ಲವೂ ನೋಡಲು ಅಂದ, ತೊಳೆಯಲು ಸುಲಭ. ಆದರೆ ಇವುಗಳಲ್ಲಿ ಒಂದೂ ಧ್ವನಿಯನ್ನು ಹೀರುವುದಿಲ್ಲ. ಇದರ ಪರಿಹಾರಕ್ಕೆ ಮಾರುಕಟ್ಟೆಯಲ್ಲಿ ಅಕೌಸ್ಟಿಕ್ ಪ್ಯಾನೆಲ್ ಎಂಬ ಧ್ವನಿಹೀರಕ ಫಲಕಗಳು ನಾನಾ ಬಗೆಯಲ್ಲಿ ಬಂದಿವೆ. ಇವುಗಳನ್ನು ಕೊಳ್ಳುವವರಿಗೂ ತಯಾರಿಸಬಯಸುವವರಿಗೂ ಉಪಯೋಗವಾಗಬಹುದಾದ ಕೆಲವು ಸಂಗತಿಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೂವತ್ತೈದು ದಿನಗಳ ಅಂತರ

ನನ್ನ ಕಕ್ಷಿದಾರರೊಬ್ಬರು ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಘಟಕವನ್ನು ನಡೆಸುತ್ತಾರೆ. ಹೊಸ ಮನೆಯ ಮುಂದಿನ ಕೋಣೆಯೇ ಸಂಜೆಯ ನಂತರ ಅವರ ಕಚೇರಿ. ವರ್ಷಾಂತ್ಯದಲ್ಲಿ ಬಾಕಿದಾರರ ಪಟ್ಟಿಯನ್ನು ಪರಿಶೀಲಿಸುವಾಗ ಹೊರರಾಜ್ಯದ ಗಿರಾಕಿಯೊಬ್ಬರ ಹಣ ಪ್ರತಿ ಬಿಲ್ಲಿಗೂ ತಡವಾಗಿ ಬರುತ್ತಿರುವುದು ಕಂಡಿತು. ವಿಚಾರಿಸಿದಾಗ ತಿಳಿದದ್ದಿಷ್ಟು: ಉದ್ರಿಯ ಅವಧಿಯನ್ನು ಇವರು ಇಂಗ್ಲಿಷಿನಲ್ಲಿ ‘ಫಿಫ್ಟೀನ್ ಡೇಸ್’ ಎಂದು ಹೇಳಿದ್ದರು, ಆ ಕಡೆಯವರು ‘ಫಿಫ್ಟಿ ಡೇಸ್’ ಎಂದು ಬರೆದುಕೊಂಡಿದ್ದರು. ಎಲ್ಲ ಮಾತುಕತೆಯೂ ಲ್ಯಾಪ್‌ಟಾಪಿನ ಮೂಲಕ ಆ ಕೋಣೆಯಿಂದಲೇ ನಡೆದಿತ್ತು. ನಿಮ್ಮ ಮಾತು ಯಾವಾಗಲೂ ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ ಎಂದು ಗಿರಾಕಿಯೇ ನಂತರ ಹೇಳಿದರು.

ಕಾನೂನಿನ ದೃಷ್ಟಿಯಿಂದ ನನ್ನ ಕಕ್ಷಿದಾರರ ಪಕ್ಷ ಬಲವಾಗಿಯೇ ಇತ್ತು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ನೋಂದಾಯಿತ ಸಣ್ಣ ಉದ್ದಿಮೆಯಿಂದ ಸರಕು ಪಡೆದವರು ಲಿಖಿತ ಒಪ್ಪಂದ ಇಲ್ಲದಿದ್ದಲ್ಲಿ 15 ದಿನಗಳೊಳಗೆ ಹಣ ಪಾವತಿಸತಕ್ಕದ್ದು. ಲಿಖಿತ ಒಪ್ಪಂದ ಇದ್ದರೂ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಆದರೆ ಒಳ್ಳೆಯ ಗಿರಾಕಿಯೊಡನೆ ಕಾಯಿದೆಯ ಮಾತೆತ್ತುವುದು ಕಟ್ಟಕಡೆಯ ಮಾರ್ಗವೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಅವಧಿಯನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳದೆ ಇದ್ದುದು ಮೊದಲ ತಪ್ಪು. ಅದನ್ನು ಯಾವ ಫಲಕವೂ ಸರಿಪಡಿಸದು. ಎರಡನೆಯ ತಪ್ಪು ಆ ಕೋಣೆಯದು.

ಅದೇ ಮನೆಯಲ್ಲಿ ಇನ್ನೊಂದು ಸಂಗತಿಯೂ ಗಮನಕ್ಕೆ ಬಂತು. ಘಟಕವನ್ನು ಸ್ಥಾಪಿಸಿದ ಹಿರಿಯರು, ಅಂದರೆ ನನ್ನ ಕಕ್ಷಿದಾರರ ತಂದೆ, ಶ್ರವಣಸಾಧನ ಧರಿಸುತ್ತಾರೆ. ಹಳೆಯ ಮನೆಯಲ್ಲಿ ವಾರದ ಲೆಕ್ಕ ಓದುವಾಗ ಪ್ರತಿಯೊಂದು ಮೊತ್ತಕ್ಕೂ ಪ್ರಶ್ನೆ ಕೇಳುತ್ತಿದ್ದ ಅವರು, ಹೊಸ ಮನೆಗೆ ಬಂದ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು. ವಯಸ್ಸಾಯಿತೆಂದು ಮನೆಯವರು ಭಾವಿಸಿದ್ದರು. ನಾನು ಕೇಳಿದಾಗ ಅವರು ಹೇಳಿದ್ದು ಬೇರೆಯೇ: ‘ಆಡಿಟರ್ ಸಾಹೇಬ್ರ, ಈ ಖೋಲ್ಯಾಗ ಒಬ್ಬಾವ ಮಾತಾಡಿದ್ರೂ ನಾಕು ಮಂದಿ ಮಾತಾಡಿದಂಗ ಕೇಳತೈತ್ರಿ.’ ಶ್ರವಣಸಾಧನವು ಮಾತಿನೊಡನೆ ಕೋಣೆಯ ಗುಂಯ್‌ಗುಡುವಿಕೆಯನ್ನೂ ಹೆಚ್ಚಿಸಿ ಕಿವಿಗೆ ಮುಟ್ಟಿಸುತ್ತದೆ. ಹಿರಿಯರ ಮಾತು ಅಕ್ಷರಶಃ ಸರಿಯಾಗಿತ್ತು.

ಧ್ವನಿ ಉಳಿಯುವುದೇಕೆ?

ಆಡಿದ ಮಾತು ನೇರವಾಗಿ ಕೇಳುಗನ ಕಿವಿಗೆ ತಲುಪುವುದು ಒಂದು ಭಾಗ. ಉಳಿದದ್ದು ಗೋಡೆ, ನೆಲ, ಛಾವಣಿಗಳಿಗೆ ಬಡಿದು ಹಿಂದಿರುಗಿ, ಮತ್ತೆ ಬಡಿದು, ಕ್ರಮೇಣ ಕ್ಷೀಣಿಸುತ್ತದೆ. ಇದಕ್ಕೆ ಅನುರಣನ ಎಂದು ಹೆಸರು. ಧ್ವನಿಯ ಮಟ್ಟ 60 ಡೆಸಿಬೆಲ್‌ನಷ್ಟು ಇಳಿಯಲು ಹಿಡಿಯುವ ಸಮಯವನ್ನು ಅನುರಣನ ಕಾಲವೆಂದು ಅಳೆಯುತ್ತಾರೆ. ಮಾತಿನಲ್ಲಿ ಸ್ವರಗಳು ಬಲವಾದವು, ದೀರ್ಘವಾದವು. ವ್ಯಂಜನಗಳು ಕ್ಷೀಣ, ಕ್ಷಣಿಕ. ಕೋಣೆ ಅನುರಣಿಸುತ್ತಿದ್ದರೆ ಹಿಂದಿನ ಸ್ವರದ ಬಾಲವು ಮುಂದಿನ ವ್ಯಂಜನವನ್ನು ಮುಚ್ಚಿಹಾಕುತ್ತದೆ. ‘ಫಿಫ್ಟೀನ್’ ಎಂಬುದರ ಕೊನೆಯ ನಕಾರ ಹೀಗೆಯೇ ಕಳೆದುಹೋಗುವುದು. ಇಂಥಲ್ಲಿ ಗಟ್ಟಿಯಾಗಿ ಮಾತನಾಡಿದರೆ ಪ್ರಯೋಜನವಿಲ್ಲ; ಮಾತಿನಷ್ಟೇ ಪ್ರಮಾಣದಲ್ಲಿ ಅದರ ಬಾಲವೂ ಹೆಚ್ಚುತ್ತದೆ.

ವಿಜಯಪುರದ ಗೋಲಗುಮ್ಮಟದ ಗ್ಯಾಲರಿಯಲ್ಲಿ ನಿಂತವರಿಗೆ ಇದು ಅನುಭವದ ಮಾತು. ಎದುರು ಬದಿಯ ಪಿಸುಮಾತು ಕಿವಿಗೆ ಮುಟ್ಟಿ ವಿಸ್ಮಯವಾಗುತ್ತದೆ. ಆದರೆ ನಾಲ್ಕು ಜನ ಸಹಜವಾಗಿ ಮಾತನಾಡತೊಡಗಿದರೆ ಒಬ್ಬರದೂ ತಿಳಿಯುವುದಿಲ್ಲ. ಗುಮ್ಮಟಕ್ಕೆ ಅದು ಭೂಷಣ, ಲೆಕ್ಕಪತ್ರದ ಕೋಣೆಗೆ ಅಲ್ಲ.

ಈ ವಿಷಯವನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಅಧ್ಯಾಪಕ ವ್ಯಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಯಾರ ಮಾತೂ ತಿಳಿಯದಂತಾಗಿದ್ದಾಗ, ದೋಷ ನಿವಾರಣೆಯ ಕೆಲಸವನ್ನು ಅವರಿಗೆ ಒಪ್ಪಿಸಲಾಯಿತು. ಆಡಿದ ಧ್ವನಿ ಅಲ್ಲಿ ಸುಮಾರು ಐದೂವರೆ ಸೆಕೆಂಡು ಉಳಿಯುತ್ತಿತ್ತು. ಸಬೀನರು ರಾತ್ರಿ ವೇಳೆ ಸಮೀಪದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತರಿಸಿ, ಆರ್ಗನ್ ಕೊಳವೆಯೊಂದನ್ನು ನುಡಿಸಿ, ಧ್ವನಿ ಅಡಗುವ ಕಾಲವನ್ನು ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಿರುಗಿಸುತ್ತಿದ್ದರು. ಎಷ್ಟು ಮೆತ್ತೆಗೆ ಎಷ್ಟು ಇಳಿಕೆ ಎಂಬ ಆ ಲೆಕ್ಕದಿಂದಲೇ ಸೂತ್ರ ಹುಟ್ಟಿತು: ಕೋಣೆಯ ಘನ ಮೀಟರ್ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ ದೊರೆಯುತ್ತದೆ. 1900ರಲ್ಲಿ ಆರಂಭವಾದ ಬೋಸ್ಟನ್ ಸಿಂಫನಿ ಹಾಲ್ ಈ ಲೆಕ್ಕವನ್ನು ಆಧರಿಸಿ ಕಟ್ಟಿದ ಸಭಾಂಗಣ. ಹೀರಿಕೆಯ ಏಕಮಾನಕ್ಕೆ ಸಬೀನ್ ಎಂಬ ಹೆಸರೇ ಉಳಿದಿದೆ.

ಒಂದು ಕೋಣೆಯ ಜಮಾ-ಖರ್ಚು

ನನ್ನ ಕಕ್ಷಿದಾರರ ಕೋಣೆ ಸುಮಾರು 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರ. ಲೆಕ್ಕದ ಅನುಕೂಲಕ್ಕಾಗಿ 3.6, 4.5 ಮತ್ತು 3 ಮೀಟರ್ ಎಂದಿಟ್ಟುಕೊಳ್ಳೋಣ. ಘನ ಅಳತೆ 48.6 ಘನ ಮೀಟರ್. ಗೋಡೆ, ನೆಲ, ಛಾವಣಿ ಸೇರಿ ಮೇಲ್ಮೈ 81 ಚದರ ಮೀಟರ್. ಇಂಥ ಗಟ್ಟಿ ಮೇಲ್ಮೈ ತನಗೆ ಬಡಿದ ಧ್ವನಿಯಲ್ಲಿ ನೂರಕ್ಕೆ ಸುಮಾರು 3 ಭಾಗವನ್ನು ಮಾತ್ರ ಹೀರುತ್ತದೆ. ಆ ಲೆಕ್ಕದಲ್ಲಿ ಹೀರಿಕೆ 2.4. ಮೇಜು, ಕುರ್ಚಿ, ತೆಳು ಪರದೆ, ಕುಳಿತ ವ್ಯಕ್ತಿ ಎಲ್ಲಕ್ಕೂ 2.1 ಸೇರಿಸಿದರೆ ಒಟ್ಟು 4.5. ಸೂತ್ರದಂತೆ ಅನುರಣನ ಕಾಲ 1.74 ಸೆಕೆಂಡು. ಮಾತಿಗಾಗಿ ಬಳಸುವ ಚಿಕ್ಕ ಕೋಣೆಗೆ 0.4ರಿಂದ 0.6 ಸೆಕೆಂಡು ಹಿತಕರ.

ಈಗ 4 ಅಡಿ ಉದ್ದ, 2 ಅಡಿ ಅಗಲದ, ಬಡಿದ ಧ್ವನಿಯ ನೂರಕ್ಕೆ 90 ಭಾಗ ಹೀರುವ ಫಲಕಗಳನ್ನು ನಾಲ್ಕು ನಾಲ್ಕರಂತೆ ಸೇರಿಸುತ್ತ ಹೋಗೋಣ. ನಾಲ್ಕು ಫಲಕಗಳಿಗೆ ಕಾಲ 1.10ಕ್ಕೆ ಇಳಿಯುತ್ತದೆ, ಎಂಟಕ್ಕೆ 0.81; ಹನ್ನೆರಡಕ್ಕೆ 0.64, ಹದಿನಾರಕ್ಕೆ 0.53. ಅಂದರೆ ಮೊದಲ ನಾಲ್ಕರಿಂದ 0.64 ಸೆಕೆಂಡಿನ ಲಾಭ, ಎರಡನೆಯ ನಾಲ್ಕರಿಂದ 0.29, ಮೂರನೆಯದರಿಂದ 0.17, ಕೊನೆಯ ನಾಲ್ಕರಿಂದ ಕೇವಲ 0.11. ವಾಣಿಜ್ಯ ವಿದ್ಯಾರ್ಥಿಗಳಾಗಿದ್ದಾಗ ನಾವೆಲ್ಲ ಓದಿದ ಇಳಿಮುಖ ಪ್ರತಿಫಲದ ನಿಯಮ ಇಲ್ಲಿ ಅಂಕಿಗಳಲ್ಲಿಯೇ ಕಾಣುತ್ತದೆ. ನಾಲ್ಕೂ ಗೋಡೆಗಳನ್ನು ಮುಚ್ಚಿಸಿಕೊಳ್ಳಿ ಎಂದು ಮಾರಾಟಗಾರರು ಒತ್ತಾಯಿಸಿದಾಗ ಈ ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು. ಚಿಕ್ಕ ಕೋಣೆಗಳಲ್ಲಿ ಈ ಸೂತ್ರ ಕೊಡುವುದು ಅಂದಾಜನ್ನು ಮಾತ್ರ. ಆದರೆ ಎಲ್ಲಿ ನಿಲ್ಲಬೇಕೆಂದು ತಿಳಿಯಲು ಆ ಅಂದಾಜು ಸಾಲುತ್ತದೆ.

ಫಲಕಕ್ಕೆ ಹಣ ಹಾಕುವ ಮೊದಲು ಮನೆಯಲ್ಲಿರುವ ಆಸ್ತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಪ್ಪ ಮೆತ್ತೆಯ ಸೋಫಾ, ನೆರಿಗೆ ಹಿಡಿದು ಕಟ್ಟಿದ ಭಾರವಾದ ಪರದೆ, ಕಡತ ಹಾಗೂ ಪುಸ್ತಕ ತುಂಬಿದ ತೆರೆದ ಕಪಾಟು, ನೆಲದ ಮೇಲೆ ನವಲಗುಂದದ ಜಮಖಾನ, ಇವೆಲ್ಲವೂ ತಮ್ಮ ಪಾಲಿನ ಕೆಲಸ ಮಾಡುತ್ತವೆ. ತೆಳುವಾದ ಹಾಸುಗಳು ಚೂಪು ಧ್ವನಿಯನ್ನು ಮಾತ್ರ ಹೀರುತ್ತವೆ ಎಂಬುದು ಗಮನದಲ್ಲಿರಲಿ.

ಹೀರುವುದು ಬೇರೆ, ತಡೆಯುವುದು ಬೇರೆ

ಕೊಳ್ಳುವವರು ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಈ ಒಂದು ಗೊಂದಲದಿಂದ. ಧ್ವನಿಹೀರಕ ಫಲಕವು ಕೋಣೆಯೊಳಗೆ ಹುಟ್ಟಿದ ಧ್ವನಿಯ ಪ್ರತಿಫಲನವನ್ನು ಕಡಿಮೆ ಮಾಡುತ್ತದೆ. ಪಕ್ಕದ ಮನೆಯ ಮಿಕ್ಸರಿನ, ರಸ್ತೆಯ ಲಾರಿಯ, ಹಿತ್ತಲಿನ ಮೋಟಾರಿನ ಸದ್ದನ್ನು ಅದು ತಡೆಯುವುದಿಲ್ಲ. ತಡೆಯಲು ಬೇಕಾದದ್ದು ಭಾರ ಮತ್ತು ಬಿಗಿ: ದಪ್ಪ ಇಟ್ಟಿಗೆ ಗೋಡೆ, ತುಂಬು ಮರದ ಬಾಗಿಲು, ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ, ಬಾಗಿಲಿನ ಕೆಳಗಿನ ಸಂದು ಮುಚ್ಚುವ ವ್ಯವಸ್ಥೆ. ಗಾಳಿ ನುಸುಳುವ ಕಡೆಯೆಲ್ಲ ಸದ್ದೂ ನುಸುಳುತ್ತದೆ. ‘ಸೌಂಡ್ ಪ್ರೂಫ್’ ಎಂಬ ಚೀಟಿ ಅಂಟಿಸಿ ಹಗುರ ಸ್ಪಂಜನ್ನು ಮಾರುವವರಿಂದ ದೂರವಿರುವುದು ಲೇಸು. ನನ್ನ ಕಕ್ಷಿದಾರರೂ ಮೊದಲು ತೆಳು ಸ್ಪಂಜಿನ ಹಾಳೆಗಳನ್ನು ತರಿಸಿ ಒಂದು ಗೋಡೆಗೆ ಅಂಟಿಸಿದ್ದರು. ಹೊರಗಿನ ಸದ್ದು ನಿಲ್ಲಲಿಲ್ಲ, ಒಳಗಿನ ಗುಂಗೂ ಹೋಗಲಿಲ್ಲ.

ಏನನ್ನು ನೋಡಿ ಕೊಳ್ಳಬೇಕು?

ಫಲಕದ ಹೀರಿಕೆಯನ್ನು ಎನ್‌ಆರ್‌ಸಿ ಎಂಬ ಅಂಕಿಯಿಂದ ಸೂಚಿಸುತ್ತಾರೆ. 250, 500, 1000 ಮತ್ತು 2000 ಹರ್ಟ್ಸ್ ಆವೃತ್ತಿಗಳಲ್ಲಿ ಅಳೆದ ಹೀರಿಕೆಯ ಸರಾಸರಿ ಇದು. ಸೊನ್ನೆ ಎಂದರೆ ಏನೂ ಹೀರದು, ಒಂದು ಎಂದರೆ ಪೂರ್ಣ ಹೀರಿಕೆ. ಕೆಲವೊಮ್ಮೆ 1.05 ಎಂಬ ಅಂಕಿಯೂ ಕಂಡುಬರುವುದುಂಟು. ಪರೀಕ್ಷೆಯ ಮಾದರಿಯ ಅಂಚುಗಳ ಪರಿಣಾಮದಿಂದ ಹಾಗಾಗುತ್ತದೆಯೇ ಹೊರತು ಅದು ಮೋಸವಲ್ಲ. ಪರೀಕ್ಷೆ ಐಎಸ್‌ಒ 354 ಅಥವಾ ಎಎಸ್‌ಟಿಎಂ ಸಿ 423 ವಿಧಾನದಲ್ಲಿ ನಡೆದಿರಬೇಕು. ಎಷ್ಟು ದಪ್ಪದ ಮಾದರಿ, ಗೋಡೆಗೆ ತಾಗಿಸಿ ಇಟ್ಟದ್ದೋ ಹಿಂದೆ ಅಂತರ ಬಿಟ್ಟದ್ದೋ ಎಂಬುದನ್ನು ವರದಿಯಲ್ಲಿ ನೋಡಬೇಕು. ನಾಲ್ಕು ಅಂಗುಲದ ಮಾದರಿಯ ವರದಿಯನ್ನು ತೋರಿಸಿ ಒಂದು ಅಂಗುಲದ ಫಲಕ ಮಾರಿದರೆ ಅದು ತೂಕದಲ್ಲಿ ಮೋಸ ಮಾಡಿದಂತೆಯೇ.

ದಪ್ಪಕ್ಕೆ ಏಕಿಷ್ಟು ಮಹತ್ವ? 1000 ಹರ್ಟ್ಸ್ ಧ್ವನಿಯ ತರಂಗದೂರ ಸುಮಾರು 34 ಸೆಂಟಿಮೀಟರ್. 100 ಹರ್ಟ್ಸ್‌ನ ಮಂದ್ರ ಧ್ವನಿಯದು 3.4 ಮೀಟರ್. ತೆಳು ಹೊದಿಕೆ ಅಷ್ಟು ದೊಡ್ಡ ತರಂಗವನ್ನು ಹಿಡಿಯಲಾರದು. ಮಾತಿಗೆ ಎರಡು ಅಂಗುಲ ದಪ್ಪದ, ಪ್ರತಿ ಘನ ಮೀಟರಿಗೆ 48 ಕಿಲೋ ಸಾಂದ್ರತೆಯ ಗಾಜಿನ ಉಣ್ಣೆ ಅಥವಾ ಅದಕ್ಕೆ ಸಮನಾದ ಕಲ್ಲುಣ್ಣೆಯ ಫಲಕ ಸಾಕಾಗುತ್ತದೆ. ಗೋಡೆಯಿಂದ ಎರಡು ಅಂಗುಲ ಅಂತರ ಬಿಟ್ಟು ತೂಗುಹಾಕಿದರೆ ಅದೇ ಫಲಕ ಕೆಳಗಿನ ಧ್ವನಿಗಳನ್ನೂ ಹೆಚ್ಚು ಹೀರುತ್ತದೆ. ಈ ಲಾಭಕ್ಕೆ ಖರ್ಚಿಲ್ಲ. ಮನೆಯಲ್ಲಿ ಸಂಗೀತ ಕೇಳುವವರು, ವಿಶೇಷವಾಗಿ ಮೃದಂಗ, ತಬಲಾಗಳ ಮಂದ್ರನಾದ ಸ್ಪಷ್ಟವಾಗಬೇಕೆನ್ನುವವರು, ಕೋಣೆಯ ಮೂಲೆಗಳಲ್ಲಿ ಇನ್ನೂ ದಪ್ಪನೆಯ ಫಲಕಗಳನ್ನು ಇಡಬೇಕಾಗುತ್ತದೆ.

ದರ ಹೋಲಿಸುವಾಗ ಚದರ ಅಡಿಯ ಬೆಲೆ ನೋಡಬಾರದು. ಹೀರಿಕೆಯ ಬೆಲೆ ನೋಡಬೇಕು. ಉದಾಹರಣೆಗೆ, ಚದರ ಅಡಿಗೆ 100 ರೂಪಾಯಿಯ ಫಲಕದ ಎನ್‌ಆರ್‌ಸಿ 0.45, 160 ರೂಪಾಯಿಯದರದು 0.90 ಎಂದು ಭಾವಿಸೋಣ. ಬೆಲೆಯನ್ನು ಎನ್‌ಆರ್‌ಸಿಯಿಂದ ಭಾಗಿಸಿದರೆ ಮೊದಲನೆಯದು 222, ಎರಡನೆಯದು 178. ಅಗ್ಗವೆಂದು ಕಂಡದ್ದೇ ದುಬಾರಿ.

ಎಲ್ಲಿ ತೂಗುಹಾಕಬೇಕು?

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಕಂಪಿಸುವ ಬಾಲವೊಂದು ಕೇಳಿದರೆ, ಎದುರುಬದುರಿನ ಎರಡು ಬರಿಗೋಡೆಗಳ ನಡುವೆ ಧ್ವನಿ ಓಡಾಡುತ್ತಿದೆ ಎಂದರ್ಥ. ಅವುಗಳಲ್ಲಿ ಒಂದಕ್ಕಾದರೂ ಫಲಕ ಬೇಕು. ಕುಳಿತವರ ತಲೆಯ ಎತ್ತರ ಮಧ್ಯಕ್ಕೆ ಬರುವಂತೆ ಹಾಕುವುದು ಸೂಕ್ತ. ವಿಡಿಯೋ ಸಭೆಗಾದರೆ ಮಾತನಾಡುವವರ ಎದುರಿನ ಗೋಡೆ, ಅಂದರೆ ಲ್ಯಾಪ್‌ಟಾಪಿನ ಹಿಂಬದಿ, ಮೊದಲ ಆದ್ಯತೆ. ನಂತರ ಬೆನ್ನ ಹಿಂದಿನ ಗೋಡೆ. ಸಂಗೀತ ಕೇಳುವವರು ತಮ್ಮ ಆಸನದಲ್ಲಿ ಕುಳಿತು, ಇನ್ನೊಬ್ಬರಿಂದ ಪಕ್ಕದ ಗೋಡೆಯುದ್ದಕ್ಕೂ ಕನ್ನಡಿ ಸರಿಸಿಸಬೇಕು. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ಫಲಕದ ಜಾಗ. ಎಲ್ಲ ಫಲಕಗಳನ್ನೂ ಒಂದೇ ಗೋಡೆಗೆ ಸುರಿಯುವುದಕ್ಕಿಂತ ಹಂಚಿ ಹಾಕುವುದು ಮೇಲು.

ಬೆಂಕಿಯ ಎಚ್ಚರಿಕೆ

ಪ್ಯಾಕಿಂಗ್ ಕೆಲಸದ ಪಾಲಿಯುರೆಥೇನ್ ಸ್ಪಂಜನ್ನು ಧ್ವನಿ ನಿಯಂತ್ರಣಕ್ಕೆಂದು ಗೋಡೆಗೆ ಅಂಟಿಸುವುದು ಪ್ರಾಣಾಪಾಯದ ಸಂಗತಿ. 2003ರಲ್ಲಿ ಅಮೆರಿಕದ ವೆಸ್ಟ್ ವಾರ್ವಿಕ್‌ನ ನೈಟ್‌ಕ್ಲಬ್ಬಿನಲ್ಲಿ 100 ಜನ, 2013ರಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾದಲ್ಲಿ 242 ಜನ, 2015ರಲ್ಲಿ ರುಮೇನಿಯಾದ ಬುಕಾರೆಸ್ಟಿನಲ್ಲಿ 64 ಜನ ಸತ್ತರು. ಮೂರೂ ಕಡೆ ಬಾಣಬಿರುಸಿನ ಕಿಡಿ ಬಿದ್ದದ್ದು ಧ್ವನಿ ನಿಯಂತ್ರಣದ ಸ್ಪಂಜಿನ ಮೇಲೆ. ಬೆಂಕಿಗಿಂತ ಮೊದಲು ಅದರ ವಿಷಯುಕ್ತ ಹೊಗೆ ಕೊಲ್ಲುತ್ತದೆ. ಮನೆಯಲ್ಲಿ ಬಾಣಬಿರುಸು ಇಲ್ಲದಿರಬಹುದು. ದೀಪ, ಊದುಬತ್ತಿ, ವಿದ್ಯುತ್ ಕಿಡಿ ಇದ್ದೇ ಇರುತ್ತವೆ. ಮೊಟ್ಟೆಯ ಟ್ರೇಗಳನ್ನು ಅಂಟಿಸುವವರೂ ಇದ್ದಾರೆ; ಅವು ಧ್ವನಿಯನ್ನು ಅಷ್ಟಾಗಿ ಹೀರುವುದಿಲ್ಲ, ಬೆಂಕಿಯನ್ನು ಮಾತ್ರ ಬೇಗ ಹಿಡಿಯುತ್ತವೆ. ಗಾಜಿನ ಉಣ್ಣೆ ಮತ್ತು ಕಲ್ಲುಣ್ಣೆ ಸ್ವತಃ ಉರಿಯುವುದಿಲ್ಲ. ಆದರೆ ಅವುಗಳ ಎಳೆ ಹೊರಬಾರದಂತೆ ಎಲ್ಲ ಬದಿಯಲ್ಲಿ ಬಟ್ಟೆಯಿಂದ ಮುಚ್ಚಬೇಕು. ಕತ್ತರಿಸುವ ಕೆಲಸಗಾರರಿಗೆ ಕೈಗವಸು ಮತ್ತು ಮುಖಗವಸು ಕೊಡಬೇಕು.

ತಯಾರಕರಿಗೆ ಮತ್ತು ಲೆಕ್ಕ ಬರೆಯುವವರಿಗೆ

ಬಡಗಿ ಮಾಡಿದ ಮರದ ಚೌಕಟ್ಟು, ಅದರೊಳಗೆ ಉಣ್ಣೆಯ ಹಲಗೆ, ಮೇಲೆ ಸೋಫಾ ಕೆಲಸದವರು ಬಿಗಿದ ಬಟ್ಟೆ, ಇಷ್ಟೇ ಈ ಸರಕು. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿದಾಗ ಉಸಿರು ಸರಾಗವಾಗಿ ಹಾಯ್ದರೆ ಧ್ವನಿಯೂ ಹಾಯುತ್ತದೆ. ಖಾದಿ ಹಾಗೂ ಬಿಡಿ ನೇಯ್ಗೆಯ ಕೈಮಗ್ಗದ ಬಟ್ಟೆ ಒದಗುತ್ತವೆ, ರೆಕ್ಸಿನ್ ಒದಗದು. ತುಮಕೂರು, ಹಾಸನ ಕಡೆಯ ತೆಂಗಿನ ನಾರಿನ ಉದ್ದಿಮೆಗಳೂ ಈ ದಿಕ್ಕಿನಲ್ಲಿ ಪ್ರಯತ್ನಿಸಬಹುದು. ನಾರು ಧ್ವನಿಯನ್ನು ಹೀರಬಲ್ಲದು, ಆದರೆ ಬೆಂಕಿನಿರೋಧಕ ಸಂಸ್ಕಾರ ಅವಶ್ಯ. ಮಾನ್ಯತೆ ಪಡೆದ ಪ್ರಯೋಗಾಲಯದ ಹೀರಿಕೆಯ ವರದಿ ಮತ್ತು ಎಎಸ್‌ಟಿಎಂ ಇ 84 ಮೊದಲಾದ ಬೆಂಕಿ ಪರೀಕ್ಷೆಯ ವರದಿ, ಇವೆರಡೂ ಕೈಯಲ್ಲಿಲ್ಲದೆ ಮಾರುಕಟ್ಟೆಗೆ ಇಳಿಯಬಾರದು.

ಜಿಎಸ್‌ಟಿಯಲ್ಲಿ ‘ಅಕೌಸ್ಟಿಕ್ ಪ್ಯಾನೆಲ್’ ಎಂಬ ಹೆಸರಿಗಿಂತ ಮೂಲ ವಸ್ತು ಮುಖ್ಯ. ಗಾಜಿನ ನಾರಿನ ಸರಕು 7019, ಕಲ್ಲುಣ್ಣೆ 6806, ಫೆಲ್ಟ್ ಮತ್ತು ನಾನ್‌ವೋವನ್ 56ನೆಯ ಅಧ್ಯಾಯಕ್ಕೆ ಸೇರುತ್ತವೆ. ಎಲ್ಲಕ್ಕೂ ಒಂದೇ ಸಂಕೇತ ಬರೆಯುವುದು ತಕರಾರಿಗೆ ಆಹ್ವಾನ. ಮನೆಯ ಕೋಣೆಗೆ ಕೊಂಡವರು ವೆಚ್ಚವನ್ನೂ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನೂ ವ್ಯವಹಾರಕ್ಕೆ ಬಳಸಿದ ಪ್ರಮಾಣದಷ್ಟು ಮಾತ್ರ ಕೇಳತಕ್ಕದ್ದು. ಬಿಲ್ಲು ಸಂಸ್ಥೆಯ ಹೆಸರಿನಲ್ಲಿರಲಿ. ಯಾವ ಕೋಣೆ, ಯಾವ ಬಳಕೆ ಎಂಬ ಟಿಪ್ಪಣಿ ಕಡತದಲ್ಲಿರಲಿ. ಕೊಕ್ಕೆಗೆ ತೂಗುಹಾಕಿ ಬೇಕಾದಾಗ ತೆಗೆಯಬಹುದಾದ ಫಲಕ ಚರ ಆಸ್ತಿಯಾಗಿಯೇ ಉಳಿಯುತ್ತದೆ. ಕಟ್ಟಡದ ಭಾಗವಾಗಿ ಬಂಡವಾಳ ವೆಚ್ಚಕ್ಕೆ ಸೇರಿಸಿದರೆ ಕ್ರೆಡಿಟ್ ನಿರಾಕರಣೆಯ ಪ್ರಶ್ನೆ ಏಳಬಹುದು.

ನನ್ನ ಕಕ್ಷಿದಾರರು ಸ್ಪಂಜನ್ನು ಕಿತ್ತುಹಾಕಿ, ಊರಿನ ಬಡಗಿಯಿಂದಲೇ ಎಂಟು ಫಲಕ ಮಾಡಿಸಿದರು. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ ಬಂದವು. ಹಿತ್ತಲಿನ ಮೋಟಾರಿನ ಸದ್ದು ಇಂದಿಗೂ ಕೇಳುತ್ತದೆ. ಆದರೆ ಬಾವಿಯ ಮಾತನ್ನು ಗಿರಾಕಿ ಮತ್ತೆ ಎತ್ತಲಿಲ್ಲ, ಉದ್ರಿಯ ಅವಧಿ ಈಗ ಪ್ರತಿ ಆರ್ಡರಿನಲ್ಲಿ ಬರಹದಲ್ಲಿರುತ್ತದೆ. ಕಳೆದ ಬಾರಿ ನಾನು ಹೋದಾಗ ಲೆಕ್ಕ ಓದುತ್ತಿದ್ದ ಮೊಮ್ಮಗನನ್ನು ಹಿರಿಯರು ನಡುವೆಯೇ ತಡೆದು, ಸಾಗಣೆಯ ಬಾಡಿಗೆಯನ್ನು ಇನ್ನೊಮ್ಮೆ ಓದಿಸಿದರು. ಮೊತ್ತ ಸರಿಯಾಗಿಯೇ ಇತ್ತು. ಆದರೂ ವಿವರ ಕೇಳದೆ ಬಿಡಲಿಲ್ಲ.

ಅಳೆದು ಕೊಳ್ಳುವುದನ್ನು ವರ್ತಕರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಧಾನ್ಯವನ್ನು ತೂಗಿ, ಬಟ್ಟೆಯನ್ನು ಮುಟ್ಟಿ ನೋಡುವ ನಾವು ಧ್ವನಿಯ ಸರಕಿಗೂ ಅದೇ ಪದ್ಧತಿಯನ್ನು ಅನುಸರಿಸಿದರೆ, ಖರ್ಚು ಮಿತಿಯಲ್ಲಿರುತ್ತದೆ, ಆಡಿದ ಮಾತು ಆಡಿದಂತೆಯೇ ತಲುಪುತ್ತದೆ.